ಹಾಲೆಯೋ ಕಾಸರಕವೋ

ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯ ಕಷಾಯ ಕುಡಿಯುವುದು ತುಳುನಾಡಿನ ವಾಡಿಕೆ. ತುಳುವಿನಲ್ಲಿ ಆ ಮರ ಪಾಲೆ. ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸಕ್ಕೆ ಕಾಯಿಸಿದ ಬಿಳಿಕಲ್ಲಿನ ಒಗ್ಗರಣೆ. ಆಮೇಲೆ ಮೈ ತಂಪಿಗೆ ಮೆಂತೆಗಂಜಿ.

ಈ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಹಿಂದಿನ ದಿನದ ಒಂದು ಸಣ್ಣ ಕೆಲಸ. ಹಗಲಲ್ಲೇ ಹೋಗಿ ಮರ ನೋಡಿ, ಗುರುತಿಗೆ ದಾರ ಕಟ್ಟಿ ಬರುತ್ತಿದ್ದರು. ಏಕೆಂದರೆ ಅದೇ ಗುಡ್ಡದಲ್ಲಿ ವಿಷದ ಮರ ಕಾಸರಕವೂ ಇರುತ್ತದೆ. ಕತ್ತಲು, ಜಡಿಮಳೆ, ಪಾಚಿ ಹಿಡಿದ ಬೂದು ಕಾಂಡ. ಕೈಗೆ ಎರಡೂ ಒಂದೇ. ನಾಲಿಗೆಯನ್ನೂ ನಂಬುವಂತಿಲ್ಲ, ಎರಡೂ ಕಹಿ. ಕಹಿಯಾದದ್ದೆಲ್ಲ ಔಷಧಿ ಎಂಬ ನಮ್ಮ ಭೋಳೆ ನಂಬಿಕೆ ಬೇರೆ! ಕಾಸರಕದ ಸ್ಟ್ರಿಕ್ನಿನ್ ವಿಷ ಮೈಯೇರಿದರೆ ಸ್ನಾಯುಗಳು ಸೆಟೆದು ಉಸಿರು ಕಟ್ಟುತ್ತದೆ, ಅಷ್ಟರಲ್ಲೂ ಪ್ರಜ್ಞೆ ಉಳಿದಿರಬಹುದು.

ಹಗಲಲ್ಲಾದರೆ ಎಲೆ ಹೇಳುತ್ತದೆ. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಆರೇಳು ಎಲೆ, ಗೀರಿದರೆ ಹಾಲು. ಕಾಸರಕದಲ್ಲಿ ಎಲೆಗಳು ಎದುರುಬದುರು ಜೋಡಿ, ಹೊಳಪು, ಬುಡದಿಂದಲೇ ಹೊರಡುವ ಮೂರೋ ಐದೋ ನರಗಳು, ಹಾಲಿಲ್ಲ. ಹಾಲು ಕಂಡಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ವಿಷದ ಕಣಗಿಲೆ ಹಾಲೆಯದೇ ಕುಟುಂಬದ್ದು.

ತಪ್ಪುವುದು ಹಳ್ಳಿಯವರು ಮಾತ್ರ ಎಂದುಕೊಳ್ಳಬೇಡಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಯುರೋಪಿನ ಔಷಧಿ ವ್ಯಾಪಾರದಲ್ಲಿ ಕಾಸರಕದ ತೊಗಟೆ ಅಂಗೋಸ್ಟುರಾ ಎಂಬ ಔಷಧಿ ತೊಗಟೆಯ ಜೊತೆ ಸೇರಿ ವಿಷವಾಯಿತು. 1819ರಲ್ಲಿ ಆ ಕಾಸರಕದ ತೊಗಟೆಯಿಂದ ಇನ್ನೊಂದು ವಿಷವನ್ನು ಬೇರ್ಪಡಿಸಿದ ಫ್ರಾನ್ಸಿನ ಪೆಲ್ಟಿಯೆ ಮತ್ತು ಕಾವಂತು, ಅದು ಬ್ರೂಸಿಯಾ ಎಂಬ ಗಿಡದ್ದೆಂದು ತಿಳಿದು ಬ್ರೂಸಿನ್ ಎಂದು ಕರೆದರು. ತಪ್ಪು ಗೊತ್ತಾದ ಮೇಲೂ ಹೆಸರು ಹಾಗೇ ಉಳಿಯಿತು.

ಈಗ ಅನೇಕ ಮನೆಗಳಿಗೆ ತೊಗಟೆ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಯಾರದೋ ಕೈಯಿಂದ. ಎಲೆ ಗುಡ್ಡದಲ್ಲೇ ಉಳಿದಿರುತ್ತದೆ. ತಂದವರು ಹಿರಿಯರಾದರೆ "ಮರ ಹಗಲಲ್ಲಿ ನೋಡಿದ್ರಾ?" ಎಂದು ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ಅಪನಂಬಿಕೆಯಾಯಿತಲ್ಲ ಎಂಬ ಸಂಕೋಚ. ನನಗೆ ಈ ಸಂಕೋಚ ಮರ್ಯಾದೆಯಾಗಿ ಕಾಣುವುದಿಲ್ಲ. ಲೋಟ ಮಕ್ಕಳ ಕೈಗೂ ಹೋಗುತ್ತದೆ, ಅವು ಕಹಿಗೆ ಮುಖ ಕಿವುಚುತ್ತವೆಯೇ ಹೊರತು ಯಾವ ಮರವೆಂದು ಕೇಳುವುದಿಲ್ಲ. ಅವುಗಳ ಪರವಾಗಿ ಕೇಳಬೇಕಾದವರು ನಾವು. ದಾರ ಕಟ್ಟುತ್ತಿದ್ದವರು ತಮ್ಮ ಕಣ್ಣನ್ನೇ ಎರಡು ಸಲ ಕೇಳಿಕೊಳ್ಳುತ್ತಿದ್ದರು. ತೊಗಟೆಯ ಜೊತೆ ಎಲೆಯಿರುವ ಒಂದು ರೆಂಬೆ ತನ್ನಿ ಎನ್ನುವುದರಲ್ಲಿ ಯಾರಿಗೂ ಅವಮಾನವಿಲ್ಲ. ರೆಂಬೆ ಬರಲಿಲ್ಲವೋ, ಆ ವರ್ಷ ಬರೀ ಮೆಂತೆಗಂಜಿ ಉಂಡರೂ ಆಟಿ ಕಳೆಯುತ್ತದೆ.