ಚೈನಿಗೆ ಗ್ರೀಸ್ ಹಚ್ಚುವ ಕೆಲಸ

2024ರ ಆಗಸ್ಟ್ 10, ಶನಿವಾರ ರಾತ್ರಿ. ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್‌ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ನದಿಗೆ ಕೊಚ್ಚಿಹೋಯಿತು. ಜಲಾಶಯದಲ್ಲಿ ಆಗ ಸುಮಾರು 105 ಟಿಎಂಸಿ ಅಡಿ ನೀರು, ಅಂದರೆ ತುಂಬು ಬಸುರಿ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬೆಳೆಗೆಂದು ಲೆಕ್ಕ ಹಾಕಿಟ್ಟಿದ್ದ ನೀರು ಕಂಪ್ಲಿಯ ಪಕ್ಕದಲ್ಲೇ ಹರಿದುಹೋಗುತ್ತಿದ್ದರೆ ಭತ್ತದ ರೈತರಿಗೆ ಹೇಗಾಗಿರಬೇಡ.

ಮುಂದಿನ ವಾರದ ಕಥೆ ಹೊಸಪೇಟೆಯವರಿಗೆಲ್ಲ ಬಾಯಿಪಾಠ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ, ಹೊಸಪೇಟೆ ಸುತ್ತಲಿನ ವರ್ಕ್‌ಶಾಪುಗಳಲ್ಲಿ ಹಗಲೂ ರಾತ್ರಿ ವೆಲ್ಡಿಂಗ್ ಕಿಡಿ ಹಾರಿತು. ಜಲಾಶಯ ಬರಿದಾಗುವವರೆಗೆ ಕಾಯದೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಐದು ಉಕ್ಕಿನ ತಡೆಹಲಗೆ ಇಳಿಸಿದರು. 16ರಂದು ಮೊದಲನೆಯದು ಕೂತಿತು, ಮರುದಿನಕ್ಕೆ ಐದೂ ಕೂತವು. ಚಹಾದ ಅಂಗಡಿಯಲ್ಲಿ ಕೂತವರೆಲ್ಲ ಆ ವಾರ ಎಂಜಿನಿಯರುಗಳೇ ಆಗಿದ್ದರು. ನಾನೂ ಆಗಿದ್ದೆ ಅನ್ನಿ.

ಆ ಸಾಹಸಕ್ಕೆ ಎಷ್ಟು ಹಾರ ಹಾಕಿದರೂ ಕಡಿಮೆಯೇ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಲಿಂಕು. ಜಲಾಶಯದಲ್ಲಿ ನೀರು ನಿಲ್ಲಲು ಶುರುವಾದದ್ದು 1953ರಲ್ಲಿ. ಅಂದಿನಿಂದ 33 ಗೇಟುಗಳ ಚೈನುಗಳನ್ನು ನೋಡುವುದು, ತುಕ್ಕು ಕೆರೆಯುವುದು, ಗ್ರೀಸ್ ಹಚ್ಚುವುದು, ಮುಂದಿನ ವರ್ಷ ಮತ್ತದೇ. ಈ ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದುದಕ್ಕೆ ಯಾರ ಕೊರಳಿಗೂ ಹಾರ ಬೀಳುವುದಿಲ್ಲ.

ನಾನು ಲೆಕ್ಕಪತ್ರ ನೋಡುವವನು, ನನ್ನ ಆಫೀಸಿನಲ್ಲೂ ಹೀಗೆ ಮತ್ತೆ ಮತ್ತೆ ಮಾಡುವ ಕೆಲಸವೇ ಹೆಚ್ಚು. ಅದಿರು ಸಾಗಿಸುವ ಲಾರಿ ಮಾಲೀಕರು, ಭತ್ತದ ವ್ಯಾಪಾರಿಗಳು, ಹಂಪಿ ಕಡೆ ಹೋಟೆಲು ಇಟ್ಟವರು ನನ್ನ ಗಿರಾಕಿಗಳು. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ತುಂಬುವ ಗಡಿಬಿಡಿ. ಇತ್ತೀಚೆಗೆ ಆಫೀಸಿಗೆ ಸೇರಿದ ಬಿಕಾಂ ಹುಡುಗಿಯೊಬ್ಬಳು ಎಕ್ಸೆಲ್‌ನಲ್ಲಿ ಏನೇನೋ ಸೂತ್ರ ಬರೆದು, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿದರೆ ಖಾತೆವಾರು ತಾನೇ ಹಂಚಿಕೊಳ್ಳುವಂತೆ ಮಾಡಿದಳು. ಇಬ್ಬರು ಬೆನ್ನು ಬಗ್ಗಿಸಿ ದಿನಗಟ್ಟಲೆ ಮಾಡುತ್ತಿದ್ದ ಕೆಲಸ ಒಂದು ಗುಂಡಿ ಒತ್ತುವಷ್ಟಕ್ಕೆ ಇಳಿಯಿತು. ಅವಳಿಗೆ ಹುರುಪೋ ಹುರುಪು. ಡೀಸೆಲ್ ಬಿಲ್ಲುಗಳನ್ನೂ ಸ್ಕ್ಯಾನ್ ಮಾಡಿ ಬಿಟ್ಟುಬಿಡೋಣ, ಅದೇ ಓದಿಕೊಳ್ಳುತ್ತೆ ಅಂದಳು.

ಆಗ ನನಗೆ ಒಂದು ವಿಷಯ ನೆನಪಾಯಿತು. ಕೆಲವು ವಾರದ ಹಿಂದೆ ಇದೇ ಹುಡುಗಿ ಬಿಲ್ಲು ಒಂದೊಂದಾಗಿ ಟೈಪ್ ಮಾಡುತ್ತಾ ತಲೆ ಎತ್ತಿ, “ಸಾರ್, ಈ ಗಾಡಿ ಸಂಡೂರಿಗೆ ಹೋಗಿ ಬರೋಕೆ ಇಷ್ಟೊಂದು ಡೀಸೆಲ್ ಕುಡಿಯುತ್ತಾ?” ಎಂದು ಕೇಳಿದ್ದಳು. ಕೂಡಿದ ಮೊತ್ತ ಸರಿಯೇ ಇತ್ತು, ಬಿಲ್ಲೂ ಸರಿಯೇ ಇತ್ತು. ಸರಿ ಇಲ್ಲದ್ದು ಗಾಡಿ. ಮಾಲೀಕರಿಗೆ ಫೋನ್ ಮಾಡಿದೆವು, ಟ್ಯಾಂಕು ಸೋರುತ್ತಿತ್ತು. ಕೂಡುವ ಕೆಲಸ ಕೈಯದು, ಅದು ಹೋದರೆ ಹೋಗಲಿ. ಆದರೆ ಆ ಕೈ ಕೂಡುತ್ತಿರುವಾಗ ಪಕ್ಕದಲ್ಲಿ ಕಣ್ಣು ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. ಯಂತ್ರಕ್ಕೆ ಕೆಲಸ ಒಪ್ಪಿಸುವಾಗ ಕೈಯ ಲೆಕ್ಕ ಮಾತ್ರ ಹಾಕುತ್ತೇವೆ. ಕಣ್ಣು ಕೂಡ ಅದರ ಜತೆಗೇ ರಜೆ ಹಾಕಿ ಹೋಗುವುದು ತಿಳಿಯುವುದಿಲ್ಲ.

ಹಾಗೆಂದು ಎಲ್ಲವನ್ನೂ ಕೈಯಲ್ಲೇ ಮಾಡಿ ಎನ್ನುವ ಪುರಾಣ ನನ್ನದಲ್ಲ. ರಿಟರ್ನ್‌ಗೆ ಹಿಂದಿನ ದಿನ, 19ರ ರಾತ್ರಿ ಹನ್ನೊಂದಕ್ಕೆ ಮುನ್ನೂರನೇ ಬಿಲ್ಲು ಬರೆಯುವ ಕಣ್ಣಿಗೆ ಸೋರುವ ಟ್ಯಾಂಕೂ ಕಾಣದು, ಎದುರಿನ ಗೋಡೆಯೂ ಕಾಣದು. ದಣಿದವನಿಗೆ ಅದೇ ಕೆಲಸ ಮತ್ತೆ ಮತ್ತೆ ಕೊಟ್ಟರೆ ಎಚ್ಚರ ಬೆಳೆಯುವುದಿಲ್ಲ, ಸಾಯುತ್ತದೆ. ಆದ್ದರಿಂದ ಸೂತ್ರ ಇರಲಿ ಎಂದೆ. ಉಳಿದ ಹೊತ್ತಿನಲ್ಲಿ ವಾರಕ್ಕೊಮ್ಮೆ ಬಿಲ್ಲುಗಳನ್ನು ಗಾಡಿವಾರು ಹರಡಿಕೊಂಡು ಸುಮ್ಮನೆ ಓದಬೇಕು ಎಂದೂ ಸೇರಿಸಿದೆ. ಹುಡುಗಿಯ ಮುಖ ಸಣ್ಣಗಾಯಿತು. ಉಳಿದ ಹೊತ್ತಿನಲ್ಲಿ ಅವಳು ಇನ್ನೊಂದು ಹೊಸ ಸೂತ್ರ ಬರೆಯಬೇಕೆಂದಿದ್ದಳು. ತಪ್ಪೇನಿಲ್ಲ. ಹೊಸತು ಯಾರನ್ನು ಕರೆಯುವುದಿಲ್ಲ?

ಸಂಡೂರಿಗೆ ಹೋದರೆ, ಕೈಯ ಕೆಲಸ ಯಂತ್ರಕ್ಕೆ, ಕಣ್ಣಿನದು ನಮಗೆ ಎಂಬ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿನ ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿ ಭೌಗೋಳಿಕ ಸೂಚಕ ಪಡೆದದ್ದು. 2023ರ ಜುಲೈನಲ್ಲಿ ಜಿ20 ಸಭೆ ಹಂಪಿಯಲ್ಲಿ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯೂ ಆಯಿತು. ಕಸೂತಿ ಹಾಕುವ ಹೆಂಗಸರ ಕೈ ನೋಡಿ: ಸೂಜಿ ಚುಚ್ಚು, ಎಳೆ, ಮತ್ತೆ ಚುಚ್ಚು. ಅದಕ್ಕಿಂತ ಪುನರಾವರ್ತನೆಯ ಕೆಲಸ ಇನ್ನೊಂದಿಲ್ಲ. ಬಟ್ಟೆ ಕತ್ತರಿಸಲು, ಅಂಚು ಮಡಚಿ ಹೊಲಿಯಲು ಮೆಷಿನ್ ಬರಲಿ, ಯಾರೂ ಅಳುವುದಿಲ್ಲ. ಆದರೆ ಆ ಹೊಲಿಗೆಯನ್ನೇ ಮೆಷಿನ್ ಹಾಕಿದರೆ ಉಳಿಯುವುದು ಚಿತ್ತಾರದ ಬಟ್ಟೆ, ಲಂಬಾಣಿ ಕಸೂತಿ ಅಲ್ಲ. ಕಸೂತಿಯ ಕನ್ನಡಿ ಚೂರಿನ ಸುತ್ತ ಯಾವ ಬಣ್ಣ ತರಬೇಕು ಎಂಬ ಹೊಸ ಯೋಚನೆ ಹೊಳೆಯುವುದು ಅದೇ ಹಳೆಯ ಚುಚ್ಚಿನ ನಡುವೆ. ಹೊಸ ಕೆಲಸ, ಹಳೆ ಕೆಲಸ ಎಂದು ಎರಡು ಗಂಟು ಕಟ್ಟಿ ಒಂದನ್ನು ಯಂತ್ರಕ್ಕೆ ಕೊಡುವ ಸುಲಭದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ತಾನೇ ನಡೆಯುವ ವ್ಯವಸ್ಥೆ ನಮ್ಮ ಸೀಮೆಗೆ ಹೊಸತೂ ಅಲ್ಲ. ವಿಜಯನಗರದ ಕಾಲದ ತುರ್ತಾ ಕಾಲುವೆಯಲ್ಲಿ ಮೋಟರಿಲ್ಲ, ಕರೆಂಟಿಲ್ಲ. ಇಳಿಜಾರು ನೋಡಿ ತೋಡಿದ್ದಾರೆ, ನೀರು ತಾನಾಗಿ ಹರಿದು ಹಂಪಿಯ ಬಾಳೆ, ಭತ್ತಕ್ಕೆ ಇವತ್ತಿಗೂ ಹೋಗುತ್ತದೆ. ಕಪಿಲೆ ಎಳೆಯುವ, ಏತ ತುಳಿಯುವ ದುಡಿಮೆ ಅಷ್ಟರಮಟ್ಟಿಗೆ ತಪ್ಪಿತು. ಹೂಳೆತ್ತುವ ದುಡಿಮೆ ಮಾತ್ರ ತಪ್ಪಲಿಲ್ಲ. ನೂರಾರು ವರ್ಷ ಯಾರೋ ಗುದ್ದಲಿ ಹಿಡಿದು ಇಳಿದಿದ್ದಾರೆ, ಅದಕ್ಕೇ ಕಾಲುವೆ ಉಳಿದಿದೆ. ತೋಡಿಸಿದ ದೊರೆಗಳ ಹೆಸರು ಚರಿತ್ರೆಯಲ್ಲಿ ಸಿಗುತ್ತದೆ, ಗುದ್ದಲಿಯವರದು ಸಿಗುವುದಿಲ್ಲ.

ಡ್ಯಾಮಿನ ವಿಷಯಕ್ಕೆ ಬಂದರೆ, 2025ರಲ್ಲಿ ಮುನ್ನೆಚ್ಚರಿಕೆಯಾಗಿ ಸುಮಾರು 80 ಟಿಎಂಸಿ ಅಡಿಗಷ್ಟೇ ನೀರು ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಗಿದೆ. ಹೊಸ ಗೇಟು ಬಂದಾಗ ಪೂಜೆ, ಫೋಟೊ, ಭಾಷಣ ಎಲ್ಲ ಇರುತ್ತದೆ, ಇರಲಿ. ಅದರ ಜತೆಗೆ ಇನ್ನೊಂದು ಬೇಡಿಕೆ ನನ್ನದು: ಯಾವ ಗೇಟಿನ ಚೈನನ್ನು ಯಾರು, ಯಾವ ದಿನ ನೋಡಿದರು, ಏನು ಕಂಡರು ಎಂಬುದನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಕನ್ನಡದಲ್ಲಿ ಬರೆದು ಡ್ಯಾಮಿನ ಬಾಗಿಲಲ್ಲೇ ತೂಗುಹಾಕಲಿ. ನೋಡಿದವರ ಹೆಸರಿನ ಸಮೇತ.