ಉತ್ತರ ಯಾರದು?

ತಿಮ್ಮಾಪುರದಂತಹ ನಮ್ಮ ಊರುಗಳಲ್ಲಿ ಮಗು ಹಣೆಗೆ ಗಾಯ ಮಾಡಿಕೊಂಡು ಬಂದರೆ ಮನೆಯವರ ಮೊದಲ ಪ್ರಶ್ನೆ, ‘ಯಾರ್ ಹೊಡದ್ರೋ ನಿನಗ?’ ಮಗು ಎಡವಿ ಬಿದ್ದಿರಬಹುದು. ಆದರೆ ಈ ಪ್ರಶ್ನೆಗೆ ಬೇಕಾದದ್ದು ಒಂದು ಹೆಸರು. ಎರಡು ಸಲ ಗದರಿಸಿದರೆ ಹೆಸರೂ ಬರುತ್ತದೆ, ಸಂಜೆಗೆ ಎರಡು ಮನೆಗಳ ನಡುವೆ ಜಗಳವೂ ಆಗುತ್ತದೆ. ಇಲ್ಲಿ ಸುಳ್ಳಿನ ಹೊಣೆ ಮಗುವಿನದೇ?

2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಆಡಿದ ನಾಟಕಕ್ಕಾಗಿ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯೋಪಾಧ್ಯಾಯಿನಿ ಮತ್ತು ವಿದ್ಯಾರ್ಥಿನಿಯೊಬ್ಬಳ ತಾಯಿಯ ಬಂಧನವಾಯಿತು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು, ಆ ಮಾತುಗಳನ್ನು ಹೇಳಿಕೊಟ್ಟವರು ಯಾರೆಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರ ಧರಿಸಿ, ಆಯುಧ ಹೊತ್ತು ಮಕ್ಕಳನ್ನು ಪ್ರಶ್ನಿಸಿದ್ದು ಮೇಲ್ನೋಟಕ್ಕೆ ಅವರ ಹಕ್ಕುಗಳ ಗಂಭೀರ ಉಲ್ಲಂಘನೆಯೆಂದು 2021ರ ಆಗಸ್ಟ್‌ನಲ್ಲಿ ಹೈಕೋರ್ಟು ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದುಪಡಿಸಿತು.

ಸಮವಸ್ತ್ರದ ಬಗ್ಗೆ ನಾವು ಆಗ ಸಾಕಷ್ಟು ಮಾತಾಡಿದೆವು; ಪ್ರಶ್ನೆಯ ಬಗ್ಗೆ ಅಷ್ಟಾಗಿ ಮಾತಾಡಲಿಲ್ಲ. ‘ಯಾರು ಹೇಳಿಕೊಟ್ಟರು?’ ಎನ್ನುವಾಗಲೇ ಯಾರೋ ತಪ್ಪು ಮಾಡಿದ್ದಾರೆಂಬ ತೀರ್ಮಾನ ಅದರೊಳಗೆ ಕುಳಿತಿರುತ್ತದೆ. ಅದೇ ಪ್ರಶ್ನೆ ಮರುಕಳಿಸಿದರೆ ಮಗು ಉತ್ತರ ಬದಲಿಸುತ್ತದೆ. ಕಾರಣ ಸರಳ: ತರಗತಿಯಲ್ಲಿ ಮೇಷ್ಟ್ರು ಎರಡನೇ ಸಲ ಕೇಳುವುದು ಮೊದಲ ಉತ್ತರ ತಪ್ಪಾದಾಗ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ ಶುರುವಾದಾಗ, ‘ಉಳಿದ ಮಕ್ಕಳು ಆಗಲೇ ಹೇಳಿಬಿಟ್ಟಿದ್ದಾರೆ’ ಎಂದು ಮಕ್ಕಳನ್ನು ಪುಸಲಾಯಿಸಲಾಯಿತು. ಹೌದೆಂದವರಿಗೆ ಶಹಬ್ಬಾಸ್ ಸಿಕ್ಕಿತು. 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಪ್ರಕರಣ ಮುಗಿಯಿತು. ಅಷ್ಟರೊಳಗೆ ಆರೋಪಿಗಳು ವರ್ಷಗಟ್ಟಲೆ ಜೈಲು ಕಂಡಿದ್ದರು.

ಹಾಗೆಂದು ಮಕ್ಕಳ ಮಾತೇ ನಂಬಲರ್ಹವಲ್ಲ ಎಂದರೆ ಅದರಿಂದ ಸಂತೋಷಪಡುವವರು ಮಕ್ಕಳ ಮೇಲೆ ಕೈಮಾಡಿದವರು. ‘ಏನಾತು, ಹೇಳವ್ವಾ’ ಎಂದು ಕೇಳಿ ಸುಮ್ಮನೆ ಕೂತರೆ ಸಣ್ಣ ಮಗು ಹೇಳುವುದು ನಾಲ್ಕೇ ಮಾತಾದರೂ ಅವು ಅದರದೇ ಮಾತುಗಳು.

2012ರ ಪೋಕ್ಸೊ ಕಾಯ್ದೆ ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು ಎನ್ನುತ್ತದೆ. ವಕೀಲರು ನೇರವಾಗಿ ಮಗುವನ್ನು ಕೇಳುವಂತಿಲ್ಲ. ಅವರ ಪ್ರಶ್ನೆಯನ್ನು ನ್ಯಾಯಾಧೀಶರೇ ಮಗುವಿಗೆ ಕೇಳಬೇಕು. ಒಳ್ಳೆಯ ಏರ್ಪಾಡೇ. ಆದರೆ ಮಗು ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಅದೇ ಪ್ರಶ್ನೆಯನ್ನು ಮನೆಯವರು, ನೆರೆಯವರು, ಊರ ಹಿರಿಯರು, ಠಾಣೆಯವರು ತಮ್ಮತಮ್ಮ ರೀತಿಯಲ್ಲಿ ಕೇಳಿ ಮುಗಿಸಿರುತ್ತಾರೆ.