ಯಾರು ಹೇಳಿದ್ದು, ಯಾರಿಗೆ?

ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಓದುವ ತಂಗಿಯ ಮಗಳಿಗೆ ಶನಿವಾರ ಸಂಜೆ ಪುಣೆಯಿಂದ ವಿಡಿಯೊ ಕರೆಯಲ್ಲಿ ಇತಿಹಾಸ ಓದಿಸುತ್ತಿದ್ದೆ. ಓದಿಸುವುದೆಂದರೆ ದೊಡ್ಡ ಮಾತು. ಅವಳು ಬರೆದದ್ದನ್ನು ಕೇಳುತ್ತಿದ್ದೆ, ಅಷ್ಟೆ. ಎಪಿ ಅಮೆರಿಕನ್ ಇತಿಹಾಸ, ಮೇ ತಿಂಗಳಲ್ಲಿ ಪರೀಕ್ಷೆ. ನಾವೆಲ್ಲ ಪಾಣಿಪತ್ ಕದನಗಳ ಇಸವಿ ಉರುಹೊಡೆದು ಪಾಸಾದವರು. ಅಲ್ಲಿ ಒಂದು ಪ್ರಶ್ನೆಗೆ 7 ದಾಖಲೆ ಕೊಡುತ್ತಾರೆ. 60 ನಿಮಿಷದಲ್ಲಿ ಓದಿ, ವಾದ ಕಟ್ಟಬೇಕು. ಒಟ್ಟು 7 ಅಂಕ. ದಾಖಲೆಯಲ್ಲಿ ಏನಿದೆಯೆಂದು ಒಪ್ಪಿಸಿದರೆ ಸಾಲದು. ಬರೆದವರು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಎಂದು ವಿವರಿಸಿದರೆ ಒಂದು ಅಂಕ. ವಿಷಯ ಅಷ್ಟು ಸರಳವಲ್ಲ ಎಂದು ತೋರಿಸಿದರೆ ಇನ್ನೊಂದು. ಈ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ.

‘ಮಾವ, ಸಾಕ್ಷಿ ಯಾವ ಕಡೆ ಜಾಸ್ತಿ ಉಂಟೋ ಅದನ್ನೇ ಬರೆಯುವುದು. ನಂಗೆ ಏನು ಅನ್ನಿಸ್ತದೆ ಅನ್ನುವುದಕ್ಕೆ ಮಾರ್ಕ್ಸ್ ಇಲ್ಲ’ ಎಂದಿದ್ದಳು. ನಂಬದ್ದನ್ನು ವಾದಿಸುವುದು ವಕೀಲಿಕೆ ಎಂದು ನಾನು ಉಪದೇಶಕ್ಕಿಳಿದಿದ್ದೆ. ಈಗ ಯೋಚಿಸಿದರೆ ಅವಳ ಮಾತೇ ಹೆಚ್ಚು ಪ್ರಾಮಾಣಿಕ.

1776ರಲ್ಲಿ ಸಮಾನತೆಯ ಘೋಷಣೆ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಾಸ್, 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ, ನಿಮ್ಮ ಸ್ವಾತಂತ್ರ್ಯೋತ್ಸವ ನನ್ನದಲ್ಲ ಎಂಬ ಅರ್ಥದ ಮಾತನ್ನು ಕರೆಸಿದವರ ಮುಖಕ್ಕೇ ಹೇಳಿದ. ಆದರೂ ಆ ಘೋಷಣೆಯ ತತ್ವಗಳನ್ನು ಕೈಬಿಡಲಿಲ್ಲ. ಸಿಗದ ಆ ಅಂಕ ಇರುವುದು ಈ ‘ಆದರೂ’ದಲ್ಲಿ. ಅವಳು ಅದನ್ನು ಹಿಡಿದಿದ್ದಳು. ನಾನು ತಲೆದೂಗಿದೆ.

ಒಂದು ಶನಿವಾರ ಮಾತು ಊರಿನ ಕಡೆ ಹೊರಳಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಕತೆಯೊಂದಿದೆ: 1974ರ ಭೂಸುಧಾರಣೆಯಲ್ಲಿ ಅಜ್ಜನ ಗದ್ದೆ ಹೋಯಿತು, ಗೇಣಿಗೆ ಮಾಡುತ್ತಿದ್ದವನು ಡಿಕ್ಲರೇಶನ್ ಕೊಟ್ಟು ಉಂಡ ಮನೆಗೆ ಎರಡು ಬಗೆದ, ನಾವು ಊರು ಬಿಟ್ಟೆವು. ಹೇಳಿ ಮುಗಿಸಿದೆ.

‘ಇದನ್ನು ಯಾರು ಹೇಳಿದ್ದು? ಯಾರಿಗೆ? ಅವನ ಡಾಕ್ಯುಮೆಂಟ್ ಎಲ್ಲುಂಟು, ಮಾವ?’

ಮಾತಿನಲ್ಲಿ ಕುಹಕವಿರಲಿಲ್ಲ, ಅಭ್ಯಾಸಬಲ. ನನಗೆ ಮಾತ್ರ ಸಿಟ್ಟು ಬಂತು. ಜೆಫರ್ಸನ್ ನನಗೆ ಏನೂ ಆಗಬೇಕಿರಲಿಲ್ಲ, ಅಜ್ಜ ಆಗಬೇಕಿತ್ತು. ಪರೀಕ್ಷೆ ಇದ್ದದ್ದು ಅವಳಿಗೆ ಎಂದು ಇಷ್ಟು ದಿನ ತಿಳಿದಿದ್ದೆ. ಈ ಕತೆ ನಾವು ನಮಗೇ ಹೇಳಿಕೊಂಡದ್ದು. ಅದರಲ್ಲಿ ಅಜ್ಜ ಗದ್ದೆಗಿಳಿದ ದೃಶ್ಯ ಒಂದೂ ಇಲ್ಲ, ಉತ್ತವನಿಗೆ ಹೆಸರೂ ಇಲ್ಲ. ನಾವು ಊರು ಬಿಟ್ಟದ್ದು, ಮತ್ತು ಆ ಮನುಷ್ಯನಿಗೆ ಮೊದಲ ಸಲ ಊರಲ್ಲಿ ಕಾಲಿಡಲು ಸ್ವಂತ ನೆಲ ಸಿಕ್ಕಿದ್ದು, ಎರಡೂ ನಿಜವೇ ಇರಬಹುದು.

ಮರುದಿನ ಅಮ್ಮನಿಗೆ ಫೋನು ಮಾಡಿ ಅವನ ಹೆಸರು ಕೇಳಿದೆ. ‘ಯಾಕೆ ಈಗ ಅದೆಲ್ಲ ನಿನಗೆ?’ ಎಂದರು. ಹೆಸರು ನೆನಪಾಗಲಿಲ್ಲ. ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಗೇಣಿ ಬರುತ್ತಿತ್ತು ಎಂಬುದು ಮಾತ್ರ ಸರಿಯಾಗಿ ನೆನಪಿತ್ತು.